ಗೇಟಿನ ನಾಯಿಗೆ ರೊಟ್ಟಿಯ ಪಾಠ

ನಾಯಿಗೆ ಬುದ್ಧಿ ಕಲಿಸಲು ಹೊರಟವರ ಸುತ್ತ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಎರಡು ಸಾವಿರದ ಐದರ ಸುಮಾರಿಗೆ ನಾನು ಗೋವಾದ ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಲ್ಲಿನ ವಾಚ್‌ಮನ್ ವಿಜಾಪುರದ ಕಡೆಯವರು, ನಮಗೆಲ್ಲ ಕಾಕಾ. ಗೇಟಿಗೆ ಬಂದು ಸೇರಿಕೊಂಡಿದ್ದ ಕಂದು ಬೀದಿನಾಯಿ ಎಂದರೆ ಅವರಿಗೆ ಜೀವ. ಅದೋ, ಬಂದವರ ಮೈಮೇಲೆಲ್ಲ ಹಾರುತ್ತಿತ್ತು. ಮ್ಯಾನೇಜರ್ ಹೇಳಿಬಿಟ್ಟರು: "ಮುಂದಿನ ತಿಂಗಳು ಮಾಲೀಕರು ಬರ್ತಾರೆ. ಅಷ್ಟರೊಳಗೆ ಇದು ಸುಧಾರಿಸದಿದ್ದರೆ ಲಾರಿಗೆ ಹಾಕಿ ದೂರದ ಕುಡಚಡೆ ಊರಿನ ಕಡೆ ಬಿಟ್ಟುಬರೋದೇ."

೧. ದಂಡಂ ದಶಗುಣಂ

ಲಾರಿಗೆ ಮಾಲು ಹೊರುವ ಹಮಾಲರ ಮುಖ್ಯಸ್ಥ ಒಂದು ಬಡಿಗೆ ತಂದುಕೊಟ್ಟ. "ದಂಡಂ ದಶಗುಣಂ ಕಾಕಾ, ಎರಡು ಹಾಕ್ರಿ."

ಕಾಕಾ ಬಡಿಗೆಯನ್ನು ಚಹಾದ ಒಲೆಗೆ ತುರುಕಿದರು. ಕಿಸೆಯಿಂದ ಜೋಳದ ರೊಟ್ಟಿಯ ಚೂರು ತೆಗೆದು ನಾಯಿಯ ಮೂಗಿನ ಮೇಲೆ ಹಿಡಿದರು. ಅದು ತಲೆ ಎತ್ತಿತು, ಕುಂಡಿ ತಾನಾಗಿ ನೆಲಕ್ಕೆ ತಾಗಿತು. ತಾಗಿದ ಕ್ಷಣವೇ "ಭೇಷ್!" ಎಂದು ಚೂರು ಬಾಯಿಗೆ.

"ಕುಂತ ಕೂಡ್ಲೇ ಕೊಡಬೇಕ್ರಿ. ತಡಾ ಮಾಡಿದ್ರ ಯಾಕ ಕೊಟ್ರು ಅಂತ ಅದಕ್ಕ ತಿಳಿಯಂಗಿಲ್ಲ."

ಮೂರೇ ದಿನದಲ್ಲಿ, ಮೀನಿನ ಮುಳ್ಳು ತಿಂದು ಬೆಳೆದ ಆ ನಾಯಿ ಒಣರೊಟ್ಟಿಗೆ ಶಿಸ್ತಾಗಿ ಕೂರತೊಡಗಿತು. ಮುಖ್ಯಸ್ಥ ಕೈಮುಗಿದ: "ಕಾಕಾ, ನಮ್ಮ ಮನಿ ಹುಡುಗರು ಇಲ್ಲಿನ ಪಾವ್ ಬ್ರೆಡ್ಡೇ ಬೇಕಂತ ಹಟಾ ಮಾಡಾಕತ್ತಾರ, ರೊಟ್ಟಿ ಮುಟ್ಟಂಗಿಲ್ಲ. ನಾಳಿಂದ ಅವರನ್ನೂ ನಿಮ್ಮ ಹತ್ರ ಬಿಡ್ತೀನ್ರಿ."

೨. ಬೊಗಳಿದರೆ ಲಾಭ

ಮುಂದಿನ ಪಾಠ ಬೊಗಳದಿರುವುದು. ಬೊಗಳಿದಾಗ "ಸುಮ್ಕಿರು" ಅನ್ನುವುದು, ಸುಮ್ಮನಾದರೆ ಒಂದು ಚೂರು ಕೊಡುವುದು. ವಾರದೊಳಗೆ ನಾಯಿಗೆ ಗುಟ್ಟು ತಿಳಿಯಿತು: ಸುಮ್ಮನಾಗಬೇಕಾದರೆ ಮೊದಲು ಬೊಗಳಬೇಕು. ಯಾರೂ ಇಲ್ಲದ ರಸ್ತೆಗೆ ಒಂದು ಸಲ ಬೊಗಳಿ, ತಿರುಗಿ ಕಾಕಾನ ಕಿಸೆ ನೋಡುತ್ತಿತ್ತು!

ಕಾಕಾ ಎರಡು ದಿನ ತಲೆ ಕೆರೆದುಕೊಂಡರು. ಆಮೇಲೆ, ಲಾರಿ ಕಂಡ ಕೂಡಲೇ, ಅದು ಬಾಯಿ ತೆರೆಯುವ ಮೊದಲೇ ಚೂರು ಕೊಡತೊಡಗಿದರು. ಬೊಗಳುವುದು ನಿಂತಿತು. "ತಪ್ಪು ನಾಯೀದಲ್ರಿ, ಮಾಸ್ತರಂದು" ಎಂದರು. ನನಗೆ ಅವರ ಮೇಲೆ ಗೌರವ ಉಕ್ಕಿತು. ಇಂಥ ಮಾತು ಹೇಳುವ ಮಾಸ್ತರರು ನಮ್ಮ ಶಾಲೆಯಲ್ಲಿ ಇದ್ದಿದ್ದರೆ ನಾನೂ ಗಣಿತದಲ್ಲಿ ಪಾಸಾಗುತ್ತಿದ್ದೆ.

೩. ಮಾಲೀಕರ ಸಲಾಮು

ಮಾಲೀಕರು ಬಂದರು. ಅವರಿಗೆ ನಾಯಿಯೆಂದರೆ ಹೆದರಿಕೆ ಎಂದು ತಿಳಿದದ್ದೇ ಅಂದು. ಕಾರಿನಿಂದ ಕಾಲು ಹೊರಗಿಟ್ಟರೋ ಇಲ್ಲವೋ, ನಾಯಿ ಅವರತ್ತಲೇ ಓಡಿತು. ಗಾಬರಿಯಲ್ಲಿ ಕಾಕಾ "ಕೂಡು" ಎನ್ನುವುದನ್ನೇ ಮರೆತರು. ರೂಢಿಯಂತೆ ಮಾಲೀಕರಿಗೆ ಸಲಾಮು ಹೊಡೆದರು. ರೊಟ್ಟಿಯ ಕೈ ಮೇಲೆದ್ದರೆ ಕೂರಬೇಕೆಂದು ಕಲಿತಿದ್ದ ನಾಯಿ ಅಲ್ಲೇ ಕುಂತುಬಿಟ್ಟಿತು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಮಾಲೀಕರು ಖುಷಿಯಾಗಿ ತಾವೂ ಕೈ ಎತ್ತಿ ಸಲಾಮು ಮಾಡಿದರು. ಕೆಟ್ಟಿತು! ನಾಯಿ ಅವರ ಕೈಯನ್ನೇ ನೋಡತೊಡಗಿತು. ಅವರು ಒಂದು ಹೆಜ್ಜೆ ಸರಿದರೆ ಅದೂ ಸರಿದು ಎದುರಿಗೇ ಕುಂತಿತು. "ಇದಕ್ಕೇನು ಬೇಕು?" ಎಂದು ಹಿಂದಿಯಲ್ಲಿ ಕೇಳಿದರು. ಮ್ಯಾನೇಜರ್ ಬೆವರಿದರು.

ಕಾಕಾ ಒಂದು ಚೂರನ್ನು ಮಾಲೀಕರ ಅಂಗೈಗಿಟ್ಟರು. "ಕೈ ಎತ್ತಿದವ್ರು ಕೊಡಬೇಕ್ರಿ ಸಾಹೇಬ್ರ. ಅದರ ಕೆಲಸಾ ಅದು ಮಾಡೇತಿ." ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಮಾಲೀಕರು ಮುಖ ಆಚೆ ತಿರುಗಿಸಿಕೊಂಡೇ ಕೊಟ್ಟರು, ನಾಯಿ ಮೆತ್ತಗೆ ತೆಗೆದುಕೊಂಡಿತು. "ಇದು ಇಲ್ಲೇ ಇರಲಿ" ಎಂದರು. ಕಾಕಾ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಹಿಂದಿನಿಂದ ಮುಖ್ಯಸ್ಥನ ದನಿ: "ಸಾಹೇಬ್ರ, ಇನ್ನೊಮ್ಮೆ ಕೈ ಎತ್ರಿ!"

ತಿರುಗಿ ನೋಡಿದರೆ, ಹಮಾಲರೆಲ್ಲ ನೆಲದ ಮೇಲೆ ಸಾಲಾಗಿ ಕುಂತಿದ್ದರು.