ಊದಿದ್ದಕ್ಕೆ ಹದಿನೆಂಟು ಚೀಟಿ

ಒಂದು ಸೋಮವಾರ ಮಧ್ಯಾಹ್ನ ರೋಣದ ಬಸ್ ನಿಲ್ದಾಣದ ಮುಂದೆ, ಉಳ್ಳಾಗಡ್ಡಿ ತಿಂದ ಸಂಶಯದ ಮೇಲೆ ಜಕ್ಕಲಿ ಕಡೆಯ ಹೆಡ್‌ಮಾಸ್ತರರೊಬ್ಬರನ್ನು ಪೊಲೀಸರು ಇಪ್ಪತ್ತು ನಿಮಿಷ ತಡೆಹಿಡಿದರು. ಸಾವು ನೋವು ಸಂಭವಿಸಲಿಲ್ಲ. ಕುಡಿದು ಗಾಡಿ ಹೊಡೆಯಬಾರದೆಂಬ ಕಾಯ್ದೆ ಇರುವವರೆಗೆ ಇಂಥವು ನಡೆಯುತ್ತಲೇ ಇರುತ್ತವೆ. ಕೋರ್ಟಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದ ನನ್ನ ಬಳಿ ಈ ಪ್ರಕರಣಗಳು ತಾವಾಗಿಯೇ ನಡೆದು ಬರುತ್ತಿದ್ದವು. ಕೆಲವು ನೇರವಾಗಿ, ಕೆಲವು ಓಲಾಡುತ್ತ.

೧. ಮೂಗಿನ ಕಾಲ

ಆಗಿನ್ನೂ ಊದುವ ಯಂತ್ರ ಬಂದಿರಲಿಲ್ಲ. ಪೊಲೀಸರ ಮೂಗೇ ಯಂತ್ರ. ಕುಡಿದವರು ವಾಸನೆ ಮುಚ್ಚಲು ಹಸಿ ಉಳ್ಳಾಗಡ್ಡಿ ತಿನ್ನುತ್ತಾರೆಂದು ಪತ್ತೆಯಾದ ಮೇಲೆ, ಉಳ್ಳಾಗಡ್ಡಿ ವಾಸನೆಯೇ ಸಾಕ್ಷಿಯಾಯಿತು. ರೊಟ್ಟಿಯ ಜೊತೆ ಉಳ್ಳಾಗಡ್ಡಿ ಕಚ್ಚದವರು ನಮ್ಮಲ್ಲಿ ಇಲ್ಲವಾದ್ದರಿಂದ ಇಡೀ ತಾಲೂಕು ಸಂಶಯಕ್ಕೆ ಒಳಗಾಯಿತು.

ಹವಾಲ್ದಾರರು ಹೆಡ್‌ಮಾಸ್ತರರ ಸ್ಕೂಟರ್ ನಿಲ್ಲಿಸಿ, "ಹಾ ಅನ್ರಿ" ಎಂದರು. ಅವರು ಅಂದರು.

"ಉಳ್ಳಾಗಡ್ಡಿ ಯಾಕ ತಿಂದೀರಿ?"

"ರೊಟ್ಟಿ ಇಳೀಲಿ ಅಂತ ತಿಂದೀನ್ರಿ."

"ಎಲ್ಲಾರೂ ಹಿಂಗ ಹೇಳ್ತಾರ."

ಹೆಡ್‌ಮಾಸ್ತರರು ಸ್ವಲ್ಪ ಯೋಚಿಸಿ, "ಸಾಹೇಬ್ರ, ಈಗ ನೀವೊಮ್ಮೆ ಹಾ ಅನ್ರಿ" ಎಂದರು. ಹವಾಲ್ದಾರರದೂ ಆಗತಾನೆ ಊಟವಾಗಿತ್ತು. ಆ ವಾಸನೆ ಇಬ್ಬರಲ್ಲಿ ಯಾರದು ಎಂದು ತೀರ್ಮಾನಿಸಲು ಆ ಇಪ್ಪತ್ತು ನಿಮಿಷ ಹಿಡಿಯಿತು.

೨. ಒಂದು ಯಂತ್ರ, ಮೂರು ಊರು

ಕೆಲವು ವರ್ಷಗಳ ನಂತರ ಯಂತ್ರ ಬಂತು. ರೋಣ, ನರಗುಂದ, ಗಜೇಂದ್ರಗಡ ಮೂರಕ್ಕೂ ಸೇರಿ ಒಂದೇ. ಅದರ ಉಸ್ತುವಾರಿ ಅದೇ ಹವಾಲ್ದಾರರಿಗೆ. ಯಂತ್ರ ಯಾವ ದಿನ ಯಾವ ಊರಲ್ಲಿ ಎಂಬುದು ಗುಪ್ತ. ಆದರೆ ಠಾಣೆಯ ಜೀಪು ರಿಪೇರಿಗೆ ಹೋಗಿ ತಿಂಗಳುಗಳಾಗಿದ್ದವು. ಹಾಗಾಗಿ ಹವಾಲ್ದಾರರು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಓಣಿಯವನೊಬ್ಬನ ಮೂರು ಗಾಲಿಯ ಟಂಟಂನಲ್ಲಿ ಮುಂದಿನ ಸೀಟಿನಲ್ಲೇ ಕೂತು ಹೋಗುತ್ತಿದ್ದರು. ಟಂಟಂ ಊರು ದಾಟಿತೆಂದರೆ, ಬ್ರಾಂಡಿ ಅಂಗಡಿಯವನು ಸೋಡಾ ಬಾಟಲಿಗಳನ್ನು ಮಂಜುಗಡ್ಡೆಯಲ್ಲಿಡುತ್ತಿದ್ದ. ಗುಪ್ತ ಮಾಹಿತಿಯನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ.

೩. ಹೆಂಡತಿಯ ಕಾಯ್ದೆ

ಯಂತ್ರಕ್ಕೆ ಮೊದಲು ಸಿಕ್ಕವನು ಆ ಟಂಟಂ ಡ್ರೈವರನೇ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡು ಸಾವಿರದವರೆಗೆ ದಂಡ, ಇಲ್ಲವೆ ಎರಡೂ ಎಂದು ಸರ್ಕಾರದ ಕಾಯ್ದೆ. ಅವನು ತಪ್ಪೊಪ್ಪಿ ದಂಡ ಕಟ್ಟಿ ಮನೆಗೆ ಬಂದ. ಮನೆಯಲ್ಲಿ ಬೇರೆ ಕಾಯ್ದೆ ಜಾರಿಯಾಗಿತ್ತು. ಹೆಂಡತಿ ಹೊಳೆಆಲೂರಿನ ತವರಿಗೆ ಹೋಗಿದ್ದಳು.

ಮಾವನವರು ಹತ್ತಿ ಗಿರಣಿಯಲ್ಲಿ ತೂಕದ ಗುಮಾಸ್ತರಾಗಿದ್ದವರು. ಬಾಯಿಮಾತನ್ನು ನಂಬಿದವರಲ್ಲ. "ಅಳ್ಯಾರ, ದಿನಾ ಸಂಜಿಗೆ ಅದೇ ಮಷೀನು ಊದ್ರಿ. ಸೊನ್ನಿ ಬಂದದ್ದಕ್ಕ ಚೀಟಿ ತರ್ರಿ, ಊರಿನ ಹೆಸರು, ತಾರೀಖು, ಸಿಕ್ಕಾ ಎಲ್ಲಾ ಇರಬೇಕು. ಹದಿನೆಂಟು ಚೀಟಿ ಆದ ದಿನ ಮಗಳನ್ನ ಕಳಸ್ತೀನಿ" ಎಂದರು.

ಡ್ರೈವರ ನನ್ನ ಹತ್ತಿರ ಬಂದ. "ಸರ, 'ಈತ ಕುಡಿದಿಲ್ಲ' ಅಂತ ಒಂದು ನಮೂನಿ ಹೊಡದು ಕೊಡ್ರಿ."

"'ಈತ ಇಂದು ಕುಡಿದಿಲ್ಲ' ಅಂತ ಹೊಡೀತೀನಿ. ನಾಳೀದು ನಾ ಹ್ಯಾಂಗ ಹೇಳ್ಲಿ?"

ಹವಾಲ್ದಾರರು ಮೊದಲು ಒಪ್ಪಲಿಲ್ಲ. "ಇದು ಕುಡಕರನ್ನ ಹಿಡಿಯೋ ಮಷೀನೋ. ಸಂಭಾವಿತರಿಗೆ ಸರ್ಟಿಫಿಕೇಟ್ ಕೊಡಾಕ ಸರ್ಕಾರ ಇಟ್ಟಿಲ್ಲ."

"ಆತು ಬಿಡ್ರಿ ಸಾಹೇಬ್ರ. ನಾಳೆ ನರಗುಂದಕ್ಕ ಬಸ್ಸು ಎಂಟಕ್ಕ ಐತಿ. ನಿಂತು ಹೋಗಬೇಕಾಗತೈತಿ."

ಹವಾಲ್ದಾರರು ಸಿಕ್ಕಾ ತೆಗೆದರು.

ಹೀಗೆ ಸೋಮವಾರ ಮಂಗಳವಾರ ರೋಣದಲ್ಲಿ, ಬುಧವಾರ ಗುರುವಾರ ನರಗುಂದದಲ್ಲಿ, ಶುಕ್ರವಾರ ಶನಿವಾರ ಗಜೇಂದ್ರಗಡದಲ್ಲಿ ಅವನು ಸಂಜೆಯಾದರೆ ಊದಿದ. ರವಿವಾರ ಯಂತ್ರಕ್ಕೆ ಸೂಟಿ. ಅಂದು ಹೊಳೆಆಲೂರಿಗೆ ಹೋಗಿ ಚೀಟಿ ಒಪ್ಪಿಸುತ್ತಿದ್ದ.

"ನಮ್ಮ ಮಾವಗ ಎಷ್ಟು ಸಂಶೇ ಅಂತೀರಿ ಸರ" ಎಂದು ಒಮ್ಮೆ ನನ್ನ ಮುಂದೆ ಹೇಳಿಕೊಂಡ. "ಯಾವ ವಾರ, ಯಾವ ಊರು, ಎಲ್ಲಾ ಡೈರಿಯೊಳಗ ಬರಕೋತಾರ. ನಾ ಊದಿದ್ದು ಸೊನ್ನಿ ಅನ್ನೋದನ್ನಷ್ಟ ಬರಕೊಳ್ಳೂದಿಲ್ಲ."

೪. ಹತ್ತೊಂಬತ್ತನೆಯ ಚೀಟಿ

ಮೂರು ವಾರಕ್ಕೆ ಹದಿನೆಂಟು ಸೊನ್ನೆಗಳು ಪೂರೈಸಿದವು. ಮಾವನವರು ಡೈರಿ ತಿರುವಿ ನೋಡಿ, "ಶುಕ್ರವಾರ ಚಲೋ ದಿನ. ಸಂಜಿಗೆ ನಾನ ಕರಕೊಂಡು ಬರ್ತೀನಿ" ಎಂದರು.

ಶುಕ್ರವಾರ ಡ್ರೈವರ ರಜೆ ಹಾಕಿದ. ಮನೆ ಸಾರಿಸಿದ, ಟಂಟಂ ತೊಳೆದ. ಹವಾಲ್ದಾರರಿಗೆ ಗಜೇಂದ್ರಗಡಕ್ಕೆ ಹೋಗಲು ಗಾಡಿ ಇಲ್ಲವಾಯಿತು. ಬಸ್ಸಿನಲ್ಲಿ ನಿಂತು ಹೋಗುವ ಮನಸ್ಸಾಗದೆ, ರೋಣದಲ್ಲೇ, ಕೋರ್ಟಿನ ಮುಂದಿನ ರಸ್ತೆಯಲ್ಲಿ ಸ್ಟೂಲು ಹಾಕಿ ಕೂತರು. ಸಂಜೆ ಐದೂವರೆಗೆ ಹಿಂದೆ ಮಗಳನ್ನೂ ಮುಂದೆ ಅವಳ ಟ್ರಂಕನ್ನೂ ಹೊತ್ತ ಮಾವನವರ ಲೂನಾ ಮೊಪೆಡ್ ಬಂತು. ರಸ್ತೆ ನೇರವಾಗಿತ್ತು, ಲೂನಾ ಅಷ್ಟು ನೇರವಾಗಿರಲಿಲ್ಲ.

"ಹಿರ್ಯಾರ, ಒಂದ್ಸಲ ಊದ್ರಿ."

"ಇಲ್ಲೆ ಹ್ಯಾಂಗ ಊದ್ಲಿ? ಇವತ್ತ ಶುಕ್ರವಾರ."

"ಹೌದ್ರಿ. ಶುಕ್ರವಾರಾನ."

"ಶುಕ್ರವಾರ ನೀವು ಗಜೇಂದ್ರಗಡದಾಗ ಇರಬೇಕು." ಮಾವನವರು ಕಿಸೆಯಿಂದ ಡೈರಿ ತೆಗೆದು ತೋರಿಸಿದರು. "ಮೂರೂ ವಾರದ್ದು ಬರದೀನಿ, ನೋಡ್ರಿ ಬೇಕಾದ್ರ."

"ಖರೇ ಐತ್ರಿ. ಆದ್ರ ಇವತ್ತ ಟಂಟಂ ಇಲ್ಲ. ಡ್ರೈವರನ ಹೆಂಡ್ತಿ ಬರಾಕತ್ತಾಳಂತ ರಜಾ ಹಾಕ್ಯಾನ."

ಮಗಳು ಲೂನಾದಿಂದ ಇಳಿದಳು. "ಯಪ್ಪಾ, ಡೈರಿ ಇದಕ್ಕ ಬರದಿದ್ದೇನು?"

ಮಾವನವರು ಡೈರಿಯನ್ನು ಕಿಸೆಗೆ ಹಾಕಿ ಊದಿದರು. ಬಂದ ಅಂಕಿಯಲ್ಲಿ ಸೊನ್ನೆಯೂ ಇತ್ತು, ಆದರೆ ಕೊನೆಯಲ್ಲಿ. ಹವಾಲ್ದಾರರು ರೂಢಿಯಂತೆ ನನ್ನ ನಮೂನೆಯನ್ನೇ ತೆಗೆದು, 'ಕುಡಿದಿಲ್ಲ' ಎಂಬುದನ್ನು 'ಕುಡಿದಿದ್ದಾನೆ' ಎಂದು ತಿದ್ದಿ, ಸಿಕ್ಕಾ ಒತ್ತಿ ಮಗಳ ಕೈಗೆ ಕೊಟ್ಟರು.

ಅಷ್ಟರಲ್ಲಿ ಸುದ್ದಿ ಕೇಳಿ ಡ್ರೈವರ ಓಡಿ ಬಂದ. ಅವಳು ಅಪ್ಪನ ಚೀಟಿ ನೋಡಿದಳು, ಗಂಡನ ಮುಖ ನೋಡಿದಳು.

"ಇವತ್ತಿಂದು ಊದೀರೇನು?"

"ಇಲ್ಲ. ಹದಿನೆಂಟು ಆಗ್ಯಾವಲ್ಲ."

"ಊದ್ರಿ. ಇಲ್ಲಾಂದ್ರ ಟ್ರಂಕು ಇಲ್ಲಿಂದನ ಹೊಳ್ಳಿ ಹೋಗತೈತಿ."

ಟೈಪ್ ಹೊಡೆಯುವುದನ್ನು ನಾನೂ ನಿಲ್ಲಿಸಿದೆ. ಅವನು ಊದಿದ. ಹವಾಲ್ದಾರರು ಯಂತ್ರವನ್ನು ಬೆಳಕಿಗೆ ತಿರುಗಿಸಿ, ಅವಳಿಗೇ ತೋರಿಸಿದರು. ಸೊನ್ನೆ. ಅವಳು ಹತ್ತೊಂಬತ್ತನೆಯ ಚೀಟಿ ಬರೆಸಿಕೊಂಡು, ಟ್ರಂಕನ್ನು ಗಂಡನ ತಲೆಯ ಮೇಲಿಟ್ಟು ಮನೆಗೆ ನಡೆದಳು.

ಮುಂದಿನ ವಾರ ಕೋರ್ಟು ಮಾವನವರಿಗೆ ಸಾವಿರ ರೂಪಾಯಿ ದಂಡ ಹಾಕಿ, ಅಂದಿನ ಕಲಾಪ ಮುಗಿಯುವವರೆಗೆ ಒಳಗೆ ಕೂಡುವ ಶಿಕ್ಷೆ ಕೊಟ್ಟಿತು. ಅವರು ಒಳಗೆ ಕೂತಿದ್ದಾಗ ಅವರ ಹೆಂಡತಿ ಹೊಳೆಆಲೂರಿನಿಂದ ಬಸ್ಸಿಗೆ ಬಂದು, ನನ್ನ ಹತ್ತಿರ ಆ 'ಈತ ಇಂದು ಕುಡಿದಿಲ್ಲ' ನಮೂನೆಯ ಮೂವತ್ತಾರು ಪ್ರತಿ ಹೊಡೆಸಿಕೊಂಡು ಹೋದರು.