ಹಳದಿ ನಿಲುವಂಗಿಯ ಎಡತೋಳು

ಎರಡೂವರೆ ಗಂಟೆ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂರುವುದು ತನಗೆ ಎಡಗೈ ಕೆಲಸ ಎಂದು ಕೋಟುಮಾವ ಹೆಂಡತಿಯ ಮುಂದೆ ಎದೆ ತಟ್ಟಿ ಘೋಷಿಸಿದರು. ಮೂವತ್ತು ವರ್ಷ ಕೋಟು ಹೊಲಿದು ಹೊಲಿದೇ ಬೀದಿಯವರ ಬಾಯಲ್ಲಿ ಆ ಹೆಸರು ಸಂಪಾದಿಸಿದ್ದ ಟೈಲರ್ ಅವರು. ಕೈ ಎಷ್ಟು ಚೆನ್ನಾಗಿ ಓಡುತ್ತಿತ್ತೋ ಬಾಯಿ ಅದಕ್ಕಿಂತ ಚೆನ್ನಾಗಿ ಓಡುತ್ತಿತ್ತು. ಬಟ್ಟೆಯ ವಿಷಯ ಬಂದರಂತೂ ಆ ಬಾಯಿಯನ್ನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಗುಂಡಿ ಹಾಕುವ ಅವರಿಗೇ ಗೊತ್ತಿರಲಿಲ್ಲ.

ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ನರ್ಸ್. ಹದಿನೈದು ದಿನಕ್ಕೊಂದು ರಜೆ. ಊರಿನ ಚಿತ್ರಮಂದಿರಕ್ಕೆ ಬಂದಿದ್ದ ಚೀನೀ ಕತ್ತಿವರಸೆಯ ಸಿನಿಮಾ ನೋಡಿ ಬಂದ ಸಹೋದ್ಯೋಗಿಗಳು ಅದರ ಬಣ್ಣಗಳನ್ನು ಹಾಡಿ ಹೊಗಳುತ್ತಿದ್ದರು. ಈ ಸಲದ ರಜೆಯ ಮಧ್ಯಾಹ್ನ ಅದಕ್ಕೇ ಮೀಸಲು ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು.

"ಹೋದ ಸಲ ಸಿನಿಮಾದಲ್ಲಿ ಸೈನಿಕರ ಪ್ಯಾಂಟಿನ ಇಸ್ತ್ರಿ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ರಿ," ಎಂದಳು. "ಈ ಸಲ ಒಂದೇ ಒಂದು ಮಾತು ಬಂದ್ರೂ ನಾನು ಎದ್ದು ಬೇರೆ ಸೀಟಿಗೆ ಹೋಗ್ತೀನಿ ರೀ."

ಕೋಟುಮಾವ ಒಪ್ಪಿದರು. ಒಂದು ಸಣ್ಣ ತೊಡಕಿತ್ತು. ಬಸ್ ಕಂಡಕ್ಟರೊಬ್ಬರು ಮರುದಿನ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆ ಸಮಾರಂಭಕ್ಕೆಂದು ಅವರು ಹೊಲಿಯಲು ಕೊಟ್ಟಿದ್ದ ಕೋಟಿಗೆ ಇನ್ನೂ ತೋಳು ಕೂಡಿಸಿರಲಿಲ್ಲ. ಅದನ್ನು ಒಯ್ಯಲು ಅವರು ಮಧ್ಯಾಹ್ನವೇ ಬರುವವರಿದ್ದರು. ಸಂಜೆ ಕೂತರೆ ಆಗಿಹೋಗುವ ಕೆಲಸ ಎಂದುಕೊಂಡ ಮಾವ, ಅಂಗಡಿಯ ಬಾಗಿಲಿಗೆ 'ಜ್ವರದ ನಿಮಿತ್ತ ರಜೆ' ಎಂಬ ಹಲಗೆ ತೂಗುಹಾಕಿ, ತುಟಿ ಬಿಗಿದುಕೊಂಡು ಹೊರಟರು.

ಸಿನಿಮಾ ಶುರುವಾದದ್ದೇ ತಡ, ಮಾವನಿಗೆ ಮಾತು ಬೇಕೆಂದೂ ಅನಿಸಲಿಲ್ಲ. ತೆರೆಯ ತುಂಬ ಕೆಂಪು ಎಲೆಗಳ ಕಾಡು. ಎಲೆ ಉದುರುತ್ತಿದ್ದಂತೆ ಅದರ ನಡುವಿನಿಂದ ಬಿಳಿ ಉಡುಪಿನ ನೂರು ಕುದುರೆ ಸವಾರರು. ಕನ್ನಡಿಯಂಥ ಕೆರೆಯ ಮೇಲೆ ಹಳದಿ ರೇಷ್ಮೆಯ ನಿಲುವಂಗಿ ತೊಟ್ಟ ಹುಡುಗಿಯೊಬ್ಬಳು ಪಾದ ನೆನೆಯದಂತೆ ಓಡಿದಳು. ಆ ರೇಷ್ಮೆ ಗಾಳಿಗೆ ಬಿದ್ದ ಬಗೆ ನೋಡಿ ಅವರ ಕಣ್ಣು ತುಂಬಿತು. ತನ್ನ ಕತ್ತರಿಗೆ ಅಂಥ ಬಟ್ಟೆ ಒಂದು ದಿನವೂ ಸಿಗಲಿಲ್ಲವಲ್ಲ ಎಂದು ಕೊರಗಿದರು.

ಆಮೇಲೆ ಶುರುವಾಯಿತು ಅನ್ಯಾಯ. ಅದೇ ಹುಡುಗಿ ಬಿದಿರ ಮೆಳೆಯೊಳಗೆ ಹಾರಿಹಾರಿ ಕಾದಾಡಿದಳು. ನೆಲ ಗುಡಿಸುವಷ್ಟು ಉದ್ದದ ಅಂಗಿ, ಸುತ್ತಲೂ ಬಿದಿರ ಸಿಬಿರು, ಒಂದೇ ಒಂದು ಎಳೆ ಕಿತ್ತು ಬರಲಿಲ್ಲ. ಕೆಸರಲ್ಲಿ ಉರುಳಿದವನೊಬ್ಬ ಇಸ್ತ್ರಿ ಮಾಡಿಸಿಕೊಂಡವನ ಹಾಗೆ ಎದ್ದು ಬಂದ. ಮಾವ ತೊಡೆ ಚಿವುಟಿಕೊಂಡರು. ಹೆಂಡತಿ ಅವರ ಮಣಿಕಟ್ಟು ಹಿಡಿದುಕೊಂಡಳು. ಅದು ಪ್ರೀತಿಗೋ ನಾಡಿ ನೋಡಲಿಕ್ಕೋ ಹೇಳುವುದು ಕಷ್ಟ.

ಅಷ್ಟರಲ್ಲಿ ಖಳ ಕತ್ತಿ ಬೀಸಿದ. ಹಳದಿ ನಿಲುವಂಗಿಯ ಎಡತೋಳು ಭುಜದಿಂದ ಮೊಣಕೈತನಕ ಸರ್ರನೆ ಸೀಳಿತು. ಮಾವನ ಎದೆಯೂ ಅಷ್ಟೇ ಉದ್ದಕ್ಕೆ ಸೀಳಿತು. ಮರುಕ್ಷಣವೇ ಅರಮನೆಯ ಹೆಂಚಿನ ಮಾಡಿನ ಮೇಲೆ ಅದೇ ಮುಖ, ಅದೇ ಹಳದಿ ಅಂಗಿ. ತೋಳು ಮಾತ್ರ ಹೊಸದಾಗಿ ಹೊಲಿದಂತೆ ನೆಟ್ಟಗಿತ್ತು.

ಕೋಟುಮಾವ ಎದ್ದು ನಿಂತರು. ನಿಂತದ್ದು ಅವರಿಗೇ ಗೊತ್ತಾಗಲಿಲ್ಲ.

"ತೋಳು ಹೆಂಗೆ ಸರಿಹೋಯ್ತು?" ಎಂದು ತೆರೆಯನ್ನೇ ಕೇಳಿದರು. "ರೇಷ್ಮೆ ಹರಿದ ಮೇಲೆ ಯಾರಪ್ಪ ಹೊಲಿದ್ರೂ ಗೆರೆ ಕಾಣುತ್ತೆ. ಕಾಸು ಕೊಟ್ಟು ಬಂದವರನ್ನ ಏನಂದ್ಕೊಂಡಿದ್ದಾರೆ ಇವರು?"

ಮುಂದಿನ ಸಾಲಿನವರು ಹಿಂದೆ ತಿರುಗಿದರು, ಹಿಂದಿನವರು ಕೂರಿ ಕೂರಿ ಎಂದರು. ಸೀಟು ತೋರಿಸುವವನ ಟಾರ್ಚು ಮುಖಕ್ಕೇ ಬಿತ್ತು. ಬೆಳಕು ಬಿದ್ದ ಮೇಲೆ ಮಾವನಿಗೆ ವೇದಿಕೆ ಸಿಕ್ಕಂತಾಯಿತು. ತೋಳೇರಿಸಿ ನಿಂತರು. ಮೂವತ್ತು ವರ್ಷದ ಕಸುಬಿನಲ್ಲಿ ಒಬ್ಬ ಗಿರಾಕಿಗೂ ತಾನು ಮೋಸ ಮಾಡಿದವನಲ್ಲ, ತೋಳಿನ ವಿಷಯದಲ್ಲಂತೂ ತನ್ನ ಮುಂದೆ ಯಾರ ಆಟವೂ ನಡೆಯುವುದಿಲ್ಲ ಎಂದು ಸಭೆಗೆ ಸಾರಿದರು.

ಎರಡು ಸಾಲು ಹಿಂದಿನಿಂದ ಒಂದು ಶಾಂತ ದನಿ ಬಂತು. ದಿನವೂ ಬಸ್ಸಿನ ಗದ್ದಲವನ್ನು ಸೀಳಿ ಕೊನೆಯ ಸೀಟಿಗೆ ಮುಟ್ಟುತ್ತಿದ್ದ ದನಿ.

"ನನ್ನ ಕೋಟಿನ ತೋಳು ಏನಾಯ್ತು, ಟೈಲರೇ?"

ಜ್ವರದ ಹಲಗೆ ನೋಡಿ, ನಾಳೆ ಕೋಟಿಲ್ಲದೆ ಹಾರ ಹಾಕಿಸಿಕೊಳ್ಳಬೇಕಲ್ಲ ಎಂದು ನೊಂದುಕೊಂಡು, ಮನಸ್ಸು ಹಗುರ ಮಾಡಿಕೊಳ್ಳಲು ಕಂಡಕ್ಟರು ಅದೇ ಸಿನಿಮಾಕ್ಕೆ ಬಂದಿದ್ದರು. ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ಹೆಂಡತಿ ಕೈಚೀಲ ಎತ್ತಿಕೊಂಡು, ಹೇಳಿದ ಮಾತಿನಂತೆ, ನಾಲ್ಕು ಸಾಲು ಮುಂದಿನ ಖಾಲಿ ಸೀಟಿನಲ್ಲಿ ಹೋಗಿ ಕೂತಳು. ಅಪರಿಚಿತಳ ಹಾಗೆ.

ಇಂಟರ್‌ವಲ್ ದೀಪ ಹತ್ತಿದ್ದೇ ಕಂಡಕ್ಟರು ಮಾವನನ್ನು ಅಂಗಡಿಗೆ ಹೊರಡಿಸಿಕೊಂಡು ಬಂದರು. ಮಾವ ತೋಳು ಕೂಡಿಸುತ್ತ ಕುದಿಯುತ್ತಲೇ ಇದ್ದರು. ಹೊಲಿಗೆಯಂತ್ರದ ಸದ್ದನ್ನೂ ಮೀರಿಸಿ, ಸಿನಿಮಾದವರಷ್ಟು ಸುಳ್ಳರು ಲೋಕದಲ್ಲೇ ಇಲ್ಲ ಎಂದರು.

ಸ್ಟೂಲಿನ ಮೇಲೆ ಕೂತಿದ್ದ ಕಂಡಕ್ಟರು, "ಅವರೇನೂ ಜ್ವರ ಅಂತ ಬೋರ್ಡ್ ಹಾಕಿರಲಿಲ್ಲ," ಎಂದರು.

ಮಾವ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದರು.

ಕೊನೆಯ ಗುಂಡಿ ಹಾಕುತ್ತಿರುವಾಗ ಹೆಂಡತಿ ನೇರ ಅಂಗಡಿಗೇ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಅರಳಿತ್ತು. ಮಾವ ತಲೆ ಎತ್ತದೆ, ಆ ತೋಳಿನ ಮೋಸ ಕಡೆಗೆ ಯಾರ ಕಣ್ಣಿಗಾದರೂ ಬಿತ್ತೋ ಎಂದು ವಿಚಾರಿಸಿದರು.

"ಮೋಸ ಅಲ್ಲ ರೀ. ಅವರು ಇಬ್ಬರು. ಅವಳಿ. ಹರಿದದ್ದು ಅಕ್ಕನ ತೋಳು, ಮಾಡಿನ ಮೇಲೆ ನಿಂತವಳು ತಂಗಿ. ಕಡೇ ಹತ್ತು ನಿಮಿಷದವರೆಗೂ ಅದು ಯಾರಿಗೂ ಗೊತ್ತಾಗಲ್ಲ. ಕತೆ ಇರೋದೇ ಅದರಲ್ಲಿ."

ಸೂಜಿ ಬೆರಳಿಗೆ ಚುಚ್ಚಿತು. ಕಂಡಕ್ಟರು ಹೊಸ ಕೋಟು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡರು. ಅಳತೆ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೂ ಅವರು ಒಳ್ಳೆಯ ಮಾತೊಂದನ್ನೂ ಆಡದೆ ಹೊರಟುಹೋದರು. ಅರ್ಧ ಸಿನಿಮಾ ಕಳೆದುಕೊಂಡವರು ಅವರೂ ಹೌದಲ್ಲ.

ಆ ರಾತ್ರಿ ಮಾವನಿಗೆ ಸಿಟ್ಟು ಬಂದದ್ದು ತನ್ನ ಮೇಲೆಯೇ. ಯಾವುದೋ ದೇಶದ ಒಬ್ಬ ಟೈಲರ್ ಎರಡು ನಿಲುವಂಗಿಯನ್ನು ಒಂದೇ ಅಳತೆಗೆ, ಒಂದೇ ಮಡಿಕೆಗೆ, ವ್ಯತ್ಯಾಸ ಕಾಣದ ಹಾಗೆ ಹೊಲಿದಿದ್ದಾನೆ. ಅಂಥವನನ್ನು ತಾನು ಮುನ್ನೂರು ಜನರೆದುರು ಬೈದದ್ದಲ್ಲದೆ ಹೆಂಡತಿಯ ರಜೆಗೂ ಕತ್ತರಿ ಹಾಕಿದ್ದಾಯಿತು. ಎರಡು ದಿನ ಬಿಟ್ಟು, ಈ ಸಲ ಯಾರ ಮುಂದೆಯೂ ಏನೂ ಘೋಷಿಸದೆ, ಹೆಂಡತಿಗಷ್ಟೇ ಹೇಳಿ, ಒಬ್ಬರೇ ಮಧ್ಯಾಹ್ನದ ಆಟಕ್ಕೆ ಹೋದರು. ಪೂರ್ತಿ ನೋಡಿ ಬರುವುದು, ಅಷ್ಟೇ.

ಕೆರೆ ಬಂತು, ಬಿದಿರು ಬಂತು, ಕತ್ತಿ ಬಂತು. ಮಾವ ಉಸಿರೂ ಬಿಡಲಿಲ್ಲ. ಅರಮನೆಯ ಮಾಡಿನ ಮೇಲೆ ತಂಗಿ ಬಂದು ನಿಂತಳು. ಆಗ ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ, ಈಗಷ್ಟೇ ತೋಳು ಹರಿದಿತ್ತಲ್ಲ, ಬಟ್ಟೆಯವರು ಕುರುಡರೇನೋ ಎಂದು ಪಿಸುಗುಟ್ಟಿ ನಕ್ಕರು.

ಒಬ್ಬ ಟೈಲರನ ಮಾನ ತನ್ನ ಕಣ್ಣೆದುರೇ ಹೋಗುವುದನ್ನು ಕೋಟುಮಾವ ಹೇಗೆ ಸಹಿಸಿಯಾರು? ಎದ್ದರು.

"ತಿಳೀದೆ ಮಾತಾಡಬೇಡಿ ಸ್ವಾಮಿ," ಎಂದು ಗದರಿದರು. "ಹರಿದಿದ್ದು ಅಕ್ಕನದ್ದು. ಇವಳು ತಂಗಿ, ಅವಳಿ. ಹೊಲಿದವನದ್ದು ಏನೂ ತಪ್ಪಿಲ್ಲ."

ಮುನ್ನೂರು ಜನ ಒಟ್ಟಿಗೆ ಅವರತ್ತ ತಿರುಗಿದರು. ಈ ಸಲ ಒಬ್ಬರೂ ನಗಲಿಲ್ಲ. ಟಾರ್ಚಿನವನು ಮಾವನ ಮೊಣಕೈ ಹಿಡಿದು ಬಾಗಿಲತನಕ ಕರೆದುಕೊಂಡು ಹೋದ. ಬೀದಿಯಲ್ಲಿ ಇನ್ನೂ ಬಿಸಿಲಿತ್ತು.

ಮನೆಗೆ ಬಂದಾಗ ಹೆಂಡತಿ ಕೆಲಸದಿಂದ ಆಗಷ್ಟೇ ಬಂದು ಚಪ್ಪಲಿ ಕಳಚುತ್ತಿದ್ದಳು. ಸೆಕೆಂಡ್ ಹಾಫ್ ಹೇಗಿತ್ತು ಎಂದು ಆಸೆಯಿಂದ ಕೇಳಿದಳು.

ಕೋಟುಮಾವ ಅಳತೆಯ ಟೇಪನ್ನು ಕೊರಳಿಂದ ತೆಗೆದು ನಿಧಾನವಾಗಿ ಸುರುಳಿ ಸುತ್ತಿದರು.

"ನೀನು ಹೇಳಿದ ಹಾಗೇ ಇರುತ್ತೆ," ಎಂದರು. "ನಿನ್ನ ಮಾತು ನಂಬಿದ್ದೀನಿ."