ಸಾಲು ತುಂಬದೆ ಬಿಡದ ಯಂತ್ರ

"ನೋಡವಾ ಸುವರ್ಣಾ, ಇನ್ನ ಮ್ಯಾಲ ನಿಮ್ಮ ಕಾಕು ಓಣಿ ಮಾತೆಲ್ಲಾ ಕಣ್ಣಿಲೆ ಕೇಳ್ತಾಳ!"

ಪಕ್ಕದ ಮನೆಯ ಶಾಂತವೀರಪ್ಪ ಕಾಕಾ ಹಳೆಯ ಕಂಪ್ಯೂಟರಿನ ಕರಿ ಪರದೆಯ ಮೇಲಿನ ಬಟ್ಟೆ ಸರಿಸಿದರು. ಗದಗಿನ ಅಚ್ಚಿನ ಮನೆಯಲ್ಲಿ ಮೂವತ್ತೈದು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದ ಕಾಕಾ, ನಿವೃತ್ತಿಯಾದ ಮೇಲೆ ನಮ್ಮ ಓಣಿಯ ವಿಜ್ಞಾನಿ. ಅವರ ಹಿಂದಿನ ರೊಟ್ಟಿ ಯಂತ್ರ ನಮ್ಮ ಗೋಡೆಗೂ ರೊಟ್ಟಿ ಬಡಿದಿತ್ತು!

ಈ ಸಲದ್ದು ಮೈಕಿಗೆ ಆಡಿದ ಮಾತನ್ನು ಪರದೆಯ ಮೇಲೆ ಬರೆದು ತೋರಿಸುವ ಯಂತ್ರ. ಆದರೆ ಈ ಸಲ ನಾನು ನಗಲಿಲ್ಲ. ಅವರ ಹೆಂಡತಿ ಪ್ರಭಾವತಿ ಕಾಕುಗೆ ಎರಡು ವರ್ಷದಿಂದ ಕಿವಿ ಕೇಳಿಸುತ್ತಿರಲಿಲ್ಲ. ಕಟ್ಟೆಯ ಮೇಲೆ ಎಲ್ಲರೂ ನಕ್ಕ ಮೇಲೆ ತಾವೂ ನಕ್ಕು, ಯಾಕೆಂದು ತಿಳಿಯದೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಈಚೆಗೆ ಕಟ್ಟೆಗೆ ಬರುವುದನ್ನೇ ಬಿಟ್ಟಿದ್ದರು.

ಕಾಕಾ ಮೈಕಿಗೆ, "ಇವತ್ತ ಚಹಾ ಭಾಳ ಚಲೋ ಆಗೇತಿ" ಎಂದರು. ಪರದೆಯ ಮೇಲೆ "ಇವತ್ತ ಚ" ಎಂದು ಮೂಡಿ, ಮುಂದಿನ ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಯಂಥ ಚೌಕವೊಂದು ನಿಂತಿತು.

"ಡಬ್ಬಿ ಖಾಲಿ ಐತೇನ್ರೀ? ನಿನ್ನೇನ ಚಹಾಪುಡಿ ತುಂಬಿಟ್ಟೀನಲ್ಲ!" ಎಂದರು ಕಾಕು.

ಕಂಪ್ಯೂಟರು ಒಂದೊಂದು ಕನ್ನಡ ಅಕ್ಷರವನ್ನೂ ಒಳಗೆ ಮೂರು, ಆರು, ಒಂಬತ್ತು ತುಂಡಾಗಿ ಇಟ್ಟುಕೊಳ್ಳುತ್ತದಂತೆ. ಒಂದು ಸಾಲಿನಲ್ಲಿ ಆ ತುಂಡುಗಳಿಗೆ ಇದ್ದದ್ದು ಇಪ್ಪತ್ತೇ ಮನೆ. ಯಂತ್ರ ತುಂಡು ಎಣಿಸಿ, ಅಕ್ಷರದ ನಡುವೆಯೇ ಕತ್ತರಿಸಿತ್ತು! ಕಾಕಾ ಮೂರು ದಿನ ಕೂತು, ಕಣ್ಣಿಗೆ ಕಾಣುವ ಅಗಲ ಅಳೆದೇ ಸಾಲು ಹಾಕುವಂತೆ ತಿದ್ದಿದರು.

ನಾನು ಹೋಗಿ, "ಕಾಕು, ಊಟ ಆತೇನ್ರಿ?" ಎಂದೆ. ಪರದೆ ಗಪ್ಪು! ಯಂತ್ರ ಮಾತ್ರ ಕುಂಯ್ ಎಂದು ಕೂಗತೊಡಗಿತು.

"ಸಾಲು ತುಂಬಿಲ್ಲ ನೋಡವಾ!" ಎಂದರು ಕಾಕಾ. "ಅಚ್ಚಿನ ಮನ್ಯಾಗ ತುಂಬದ ಸಾಲು ಎತ್ತಿದ್ರ ಮೊಳಿ ಎಲ್ಲಾ ಉದುರತಾವ. ಅದಕ್ಕ ತುಂಬೂತನಾ ತೋರಸಬ್ಯಾಡ, ಕೂಗು ಅಂತ ಹೇಳೀನಿ."

"ಇದರಾಗ ಮೊಳಿ ಎಲ್ಲಿ ಅದಾವ್ರಿ ಕಾಕಾ! ಉಳದ ಜಾಗಕ್ಕ ಅಕ್ಷರ ಇಲ್ಲದ ಖಾಲಿ ಮೊಳಿ ತುಂಬ್ರಲ್ಲ!"

"ಮನಶ್ಯಾರ ಮಾತಿನಾಗ ಖಾಲಿ ಮೊಳಿ? ಛೇ!"

ಅಂದಿನಿಂದ ಓಣಿಗೆ ಬಾಯಿ ಮುಚ್ಚುವಂತಿಲ್ಲ. ಹಾಲಿನ ಮಲ್ಲೇಶಿ ಸಾಲು ತುಂಬಿಸಲು ಎಮ್ಮೆಯ ಕಾಲುನೋವು ಹೇಳಿದ. ಅದು ಮುಂದಿನ ಸಾಲಿಗೆ ಇಳಿಯಿತು. ಅದನ್ನು ತುಂಬಿಸಲು ಬೀಗರ ಜಗಳ ತೆಗೆದ. ಮಧ್ಯಾಹ್ನದ ಹೊತ್ತಿಗೆ ಕ್ಯಾನಿನ ಹಾಲು ಒಡೆದಿತ್ತು! ಕಾಕು ಮಾತ್ರ ಎಲ್ಲರ ಜೊತೆ, ಸರಿಯಾದ ಹೊತ್ತಿಗೇ, ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಿಕ್ಕಿಬಿದ್ದವರು ಕಾಕಾ. ಮನೆಯಲ್ಲಿ ಜನ್ಮವಿಡೀ "ಹೂಂ", "ಆತು" ಎರಡರಲ್ಲೇ ಸಂಸಾರ ನಡೆಸಿದವರು! ಒಂದು ಸಂಜೆ "ಹೂಂ" ಎಂದು ಸುಮ್ಮನಾದರು. ಯಂತ್ರ ಕೂಗಿತು, ನಾಯಿಗಳು ದನಿಗೂಡಿಸಿದವು, ಓಣಿಯೆಲ್ಲ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂತು. ಏನೂ ಕೇಳಿಸದ ಕಾಕು ಖಾಲಿ ಪರದೆ ನೋಡುತ್ತ ಕೂತಿದ್ದರು, ಮುಖ ಮತ್ತೆ ಸಣ್ಣದಾಗಿತ್ತು.

"ಏನರೆ ಅನ್ರಿ ಕಾಕಾ!"

"ಏನ ಅನ್ಲಿ?"

"ಒಡಪು ಇಟ್ಟು ಕಾಕು ಹೆಸರು ಹೇಳ್ರಿ!" ಎಂದೆ. ಮದುವೆ ಮನೆಯಲ್ಲಿ ಗಂಡ ಹೆಂಡತಿ ಪ್ರಾಸ ಕಟ್ಟಿ ಒಬ್ಬರ ಹೆಸರು ಇನ್ನೊಬ್ಬರು ಹೇಳುವಾಗಿನ ಹಾಗೆ ಎಲ್ಲರೂ ಗದ್ದಲ ಎಬ್ಬಿಸಿದರು. ಕಾಕಾ ಕಿವಿಯವರೆಗೆ ಕೆಂಪಾಗಿ, ಮೈಕಿಗೆ ಬಾಯಿ ತಾಗಿಸಿ ಹೇಳಿದರು:

"ಅಚ್ಚಿನ ಮನ್ಯಾಗ ಜೋಡಿಸೀನಿ ಲಕ್ಷಾಂತರ ಮೊಳಿ,
ಪ್ರಭಾವತಿ ನಗದಿದ್ರ ನಮ್ಮ ಮನಿಗೆ ಎಲ್ಲೈತಿ ಕಳಿ!"

ಸಾಲು ತುಂಬಿತು. ಕಾಕು ಓದಿದರು. ಇನ್ನೊಮ್ಮೆ ಓದಿ, ಸೆರಗು ಬಾಯಿಗಿಟ್ಟು, ನಮ್ಮೆಲ್ಲರಿಗಿಂತ ಮೊದಲು ನಕ್ಕರು. ನನಗೋ ಕಣ್ಣಲ್ಲಿ ನೀರು.

ನಾಚಿದ ಕಾಕಾ "ಸಾಕಲ್ಲ?" ಎಂದದ್ದೇ ತಪ್ಪಾಯಿತು. ಅದು ಹೊಸ ಸಾಲಾಗಿ ಕೂತು ಯಂತ್ರ ಮತ್ತೆ ಕೂಗಿತು! ಇಂದಿಗೆ ಮೂರು ವಾರ, ಕಾಕಾ ಇನ್ನೂ ಒಡಪು ಕಟ್ಟುತ್ತಲೇ ಇದ್ದಾರೆ.

ನಾನು ರಿಪೇರಿಯವನನ್ನು ಕರೆದುಕೊಂಡು ಹೋದರೆ ಕಾಕು ಬಾಗಿಲಲ್ಲೇ ತಡೆದರು.

"ಯಂತ್ರ ಚಲೋನ ಐತಿ ಬಿಡವಾ. ಇವರದ ರಿಪೇರಿ ನಡದೈತಿ."